ಸರ್ಕಾರಿ ಶಾಲೆಗಳ ಲೆಕ್ಕ ಹಿಡಿಯುವುದು ಹೇಗೆ? ಕಲ್ಯಾಣ ಕರ್ನಾಟಕದ ಹೊಸ ರಿಸರ್ಚ್ ಅನಲಿಸ್ಟ್‌ಗಳಿಗೆ

"ಡಿಗ್ರಿ ಮುಗಿದಿದೆ, ಎಕ್ಸೆಲ್ ಅಷ್ಟಿಷ್ಟು ಬರುತ್ತೆ. ಶಿಕ್ಷಣದ ಮೇಲೆ ಕೆಲಸ ಮಾಡುವ ಸಂಸ್ಥೆಯಲ್ಲಿ ರಿಸರ್ಚ್ ಅನಲಿಸ್ಟ್ ಅಂತ ತಗೊಂಡಿದ್ದಾರೆ. ಸೋಮವಾರ ಹೋಗಿ ಏನು ಮಾಡಬೇಕು?" ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹುಡುಗ ಹುಡುಗಿಯರು ಇದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೆಲಸ ಏನು ಅಂತ ನೋಡೋಣ. ಮೇಲಿನವರು ಒಂದು ಪ್ರಶ್ನೆ ಕೊಡುತ್ತಾರೆ: "ಸುರಪುರ ತಾಲ್ಲೂಕಿನಲ್ಲಿ ಹೆಣ್ಣುಮಕ್ಕಳು ಯಾವ ತರಗತಿಯಲ್ಲಿ ಶಾಲೆ ಬಿಡುತ್ತಿದ್ದಾರೆ?" ನೀವು ಅಂಕಿಅಂಶ ಹುಡುಕಬೇಕು, ಶುಚಿ ಮಾಡಬೇಕು, ಲೆಕ್ಕ ಹಾಕಬೇಕು, ಶಾಲೆಗೆ ಹೋಗಿ ತಾಳೆ ನೋಡಬೇಕು, ಎರಡು ಪುಟದಲ್ಲಿ ಬರೆದುಕೊಡಬೇಕು. ಹತ್ತು ದಿನದ ಕೆಲಸದಲ್ಲಿ ಏಳು ದಿನ ಶುಚಿ ಮಾಡುವುದಕ್ಕೇ ಹೋಗುತ್ತದೆ. ಇದನ್ನು ಸಂದರ್ಶನದಲ್ಲಿ ಯಾರೂ ಹೇಳುವುದಿಲ್ಲ.

ಇಡೀ ಕೆಲಸಕ್ಕೆ ನಾನು ಇಟ್ಟುಕೊಂಡಿರುವುದು ಮೂರೇ ಪ್ರಶ್ನೆ. ಯಾವ ಸಂಖ್ಯೆ ಕೈಗೆ ಬಂದರೂ ಕೇಳಿ: ಯಾರನ್ನು ಎಣಿಸಿದ್ದಾರೆ? ಯಾವ ದಿನ ಎಣಿಸಿದ್ದಾರೆ? ಯಾವುದರಿಂದ ಭಾಗಿಸಿದ್ದಾರೆ?

ಏನೇನು ಬೇಕು

ಲ್ಯಾಪ್‌ಟಾಪ್, ಎಕ್ಸೆಲ್, ಕನ್ನಡ ಯೂನಿಕೋಡ್ ಟೈಪಿಂಗ್. ಎಕ್ಸೆಲ್‌ನಲ್ಲಿ ಎರಡು ವಿಷಯ ಚೆನ್ನಾಗಿ ಬರಬೇಕು. ಒಂದು ಪಿವಟ್ ಟೇಬಲ್, ಅಂದರೆ ಸಾವಿರಾರು ಸಾಲಿನ ಪಟ್ಟಿಯನ್ನು ತಾಲ್ಲೂಕುವಾರು, ತರಗತಿವಾರು ಒಟ್ಟು ಮಾಡಿ ತೋರಿಸುವ ಸೌಲಭ್ಯ. ಇನ್ನೊಂದು ವಿ-ಲುಕಪ್, ಎರಡು ಪಟ್ಟಿಗಳನ್ನು ಒಂದೇ ಕೋಡ್ ಹಿಡಿದು ಜೋಡಿಸುವ ಸೂತ್ರ. ಕೋಡಿಂಗ್ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬಂದರೆ ಒಳ್ಳೆಯದು, ಆದರೆ ಮೊದಲ ವರ್ಷ ಅದಿಲ್ಲದೆ ನಡೆಯುತ್ತದೆ. ಆದರೆ ಉರ್ದು ಅಥವಾ ಮರಾಠಿ ಮಾತಾಡಲು ಬಂದರೆ ಅದು ದೊಡ್ಡ ಆಸ್ತಿ. ಕಲಬುರಗಿ ನಗರದಲ್ಲಿ ಉರ್ದು ಮಾಧ್ಯಮದ ಶಾಲೆಗಳು, ಔರಾದ್ ಮತ್ತು ಭಾಲ್ಕಿ ಕಡೆ ಮರಾಠಿ ಶಾಲೆಗಳು ಇವೆ. ಸೇಡಂ, ಗುರುಮಠಕಲ್ ಗಡಿಯ ಊರುಗಳಲ್ಲಿ ಮನೆಮಾತು ತೆಲುಗು.

1. ಪ್ರಶ್ನೆಯನ್ನು ಬಿಡಿಸಿ ಬರೆದುಕೊಳ್ಳಿ

"ಶಾಲೆ ಬಿಡುವುದು" ಅಂದರೆ ಏನು? ವರ್ಷದ ನಡುವೆ ಬರುವುದು ನಿಲ್ಲಿಸಿದವರಾ? ಮುಂದಿನ ತರಗತಿಗೆ ಸೇರದವರಾ? ಟಿ.ಸಿ. ತಗೊಂಡು ಬೇರೆ ಊರಿಗೆ ಹೋದವರೂ ಲೆಕ್ಕಕ್ಕೆ ಬರುತ್ತಾರಾ? ಇದನ್ನು ಒಂದು ಸಾಲಿನಲ್ಲಿ ಬರೆದು, ಪ್ರಶ್ನೆ ಕೊಟ್ಟವರಿಗೆ ತೋರಿಸಿ, ಒಪ್ಪಿಗೆ ತಗೊಳ್ಳಿ. ಅರ್ಧ ಗಂಟೆಯ ಕೆಲಸ. ಇದನ್ನು ಬಿಟ್ಟರೆ ಮೂರು ವಾರ ಆದಮೇಲೆ "ನಾನು ಕೇಳಿದ್ದು ಇದಲ್ಲ" ಅನ್ನುವ ಮಾತು ಬರುತ್ತದೆ.

2. ಅಂಕಿಅಂಶ ಎಲ್ಲಿದೆ ಅಂತ ತಿಳಿದುಕೊಳ್ಳಿ

ಯು-ಡೈಸ್ ಪ್ಲಸ್: ಕೇಂದ್ರ ಶಿಕ್ಷಣ ಸಚಿವಾಲಯದ ಶಾಲಾ ಮಾಹಿತಿ ವ್ಯವಸ್ಥೆ. ಪ್ರತಿ ಶಾಲೆಗೂ 11 ಅಂಕಿಯ ಕೋಡ್ ಇರುತ್ತದೆ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಆಮೇಲೆ ಎರಡು ಜಿಲ್ಲೆಯದ್ದು, ಎರಡು ವಲಯದ್ದು (ಶಿಕ್ಷಣ ಇಲಾಖೆಯ ಬ್ಲಾಕ್), ಮೂರು ಊರು ಅಥವಾ ವಾರ್ಡಿನದ್ದು, ಕೊನೆಯ ಎರಡು ಶಾಲೆಯದ್ದು. ಶಾಲೆಯ ಹೆಸರನ್ನು ಎಂದೂ ನಂಬಬೇಡಿ, ಈ ಕೋಡನ್ನು ನಂಬಿ. "ಸ.ಹಿ.ಪ್ರಾ. ಶಾಲೆ, ತಾಂಡಾ" ಅನ್ನುವ ಹೆಸರು ಒಂದೇ ತಾಲ್ಲೂಕಿನಲ್ಲಿ ಹತ್ತಾರು ಕಡೆ ಸಿಗಬಹುದು.

ಸ್ಯಾಟ್ಸ್: ರಾಜ್ಯದ ವಿದ್ಯಾರ್ಥಿ ಮಾಹಿತಿ ವ್ಯವಸ್ಥೆ. ಇಲ್ಲಿ ಮಗುವಿಗೇ ಒಂದು ಸಂಖ್ಯೆ. ಮಗು ಶಾಲೆ ಬದಲಿಸಿದರೂ ಆ ಸಂಖ್ಯೆ ಜೊತೆಗೇ ಹೋಗುತ್ತದೆ. ಹೊರಗಿನವರಿಗೆ ಇದು ಸಿಗುವುದಿಲ್ಲ. ಬಿಇಒ (ವಲಯದ ಶಿಕ್ಷಣಾಧಿಕಾರಿ) ಅಥವಾ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು) ಕಚೇರಿಯಿಂದ ಒಟ್ಟು ಲೆಕ್ಕ ಮಾತ್ರ ಕೇಳಿ.

ಎಎಸ್‌ಇಆರ್, ಬಾಯಿಮಾತಿನಲ್ಲಿ ಅಸರ್: ಪ್ರಥಮ್ ಸಂಸ್ಥೆ 2005ರಲ್ಲಿ ಶುರು ಮಾಡಿದ ಮನೆಮನೆ ಸಮೀಕ್ಷೆ. ಮಗು ಓದುತ್ತದಾ, ಕಳೆಯುವ ಲೆಕ್ಕ ಮಾಡುತ್ತದಾ ಅಂತ ನೋಡುತ್ತದೆ. ಗ್ರಾಮೀಣ ಭಾಗದ್ದು ಮಾತ್ರ. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಅಂದರೆ ಇದರಿಂದ ತಾಲ್ಲೂಕಿನ ಬಗ್ಗೆ ಏನೂ ಹೇಳಲಾಗದು. ಹೊಸಬರು ಹೇಳಿಬಿಡುತ್ತಾರೆ.

ಇವಲ್ಲದೆ ಎಸ್‌ಎಸ್‌ಎಲ್‌ಸಿ ಫಲಿತಾಂಶ ಇದೆ, ಜನಗಣತಿ ಇದೆ. ಎಲ್ಲೂ ಸಿಗದೆ ಹೋದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಉದ್ದ ಬರೆದು ವಾಪಸ್ ಬಂತು ಅಂತ ಬೇಜಾರಾಗಬೇಡಿ. ಆದರೆ ಮೊದಲ ದಿನವೇ ಅರ್ಜಿ ಹಾಕಿ ಕಚೇರಿಯ ಜೊತೆ ಸಂಬಂಧ ಕೆಡಿಸಿಕೊಳ್ಳಬೇಡಿ. ಮೊದಲು ಹೋಗಿ ಕೇಳಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬಿಸಿಲಿಗೆ ಬೆಳಗಿನ ಸಮಯಕ್ಕೆ ಬದಲಾಗುತ್ತವೆ. ಮಧ್ಯಾಹ್ನ ಎರಡಕ್ಕೆ ಬಸ್ ಇಳಿದರೆ ಬೀಗ ನೋಡಿಕೊಂಡು ಬರುತ್ತೀರಿ.

3. ಫೈಲ್ ಶುಚಿ ಮಾಡಿ

ಬಂದ ಫೈಲನ್ನು ಮುಟ್ಟಬೇಡಿ. ಅದನ್ನು "ಮೂಲ" ಅಂತ ಹೆಸರಿಟ್ಟು ಎತ್ತಿಡಿ, ನಕಲಿನಲ್ಲಿ ಕೆಲಸ ಮಾಡಿ. ಏನು ಬದಲಿಸಿದರೂ ಒಂದು ನೋಟ್‌ಪ್ಯಾಡಿನಲ್ಲಿ ದಿನಾಂಕ ಹಾಕಿ ಬರೆದಿಡಿ. ಆರು ತಿಂಗಳಾದ ಮೇಲೆ "ಈ 412 ಎಲ್ಲಿಂದ ಬಂತು?" ಅಂತ ಕೇಳಿದಾಗ ಕಾಪಾಡುವುದು ಅದೊಂದೇ.

ಇಲ್ಲಿ ಬೀಳುವ ಗುಂಡಿಗಳು ಜಾಸ್ತಿ. ಒಂದೊಂದಾಗಿ ಹೇಳುತ್ತೇನೆ.

ನುಡಿ ಫಾಂಟ್. ಕಚೇರಿಯಿಂದ ಬಂದ ಕನ್ನಡ ಫೈಲ್ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಫೈಲ್ ಕೆಟ್ಟಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆಗಿದೆ, ಅಷ್ಟೇ. ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ, ಬದಲಾದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಬಂದಿದೆಯಾ ಅಂತ ನೋಡಿ.

ಊರಿನ ಹೆಸರುಗಳು. ಗುಲ್ಬರ್ಗಾ 2014ರ ನವೆಂಬರ್ 1ರಿಂದ ಕಲಬುರಗಿ ಆಯಿತು. ಫೈಲ್‌ಗಳಲ್ಲಿ ಎರಡೂ ಇರುತ್ತವೆ. ಸುರಪುರ, ಶೋರಾಪುರ ಒಂದೇ ಊರು. ಯಾದಗಿರಿ, ಯಾದಗಿರ್ ಒಂದೇ ಊರು. ಎಕ್ಸೆಲ್‌ಗೆ ಮಾತ್ರ ಇವು ಬೇರೆ ಬೇರೆ. ಹೆಸರಿನ ಮುಂದೆ ಒಂದು ಖಾಲಿ ಸ್ಪೇಸ್ ಇದ್ದರೂ ಬೇರೆಯೇ.

ಜಿಲ್ಲೆಯ ಗಡಿ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. ಅದಕ್ಕಿಂತ ಹಿಂದಿನ ಫೈಲಿನಲ್ಲಿ ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಲ್ಬರ್ಗಾ ಒಳಗೇ ಇವೆ. ಹಳೆಯ ವರ್ಷಗಳಿಂದ ಗ್ರಾಫ್ ಎಳೆದರೆ ಕಲಬುರಗಿಯಲ್ಲಿ ದಾಖಲಾತಿ ಒಮ್ಮೆಲೇ ಕುಸಿದಂತೆ ಕಾಣುತ್ತದೆ. ಮಕ್ಕಳು ಎಲ್ಲೂ ಹೋಗಿಲ್ಲ, ಗೆರೆ ಹೋಗಿದೆ.

ತಾಲ್ಲೂಕು ಬೇರೆ, ವಲಯ ಬೇರೆ. ಕಲಬುರಗಿ ಜಿಲ್ಲೆಯಲ್ಲಿ ಈಗ ಕಂದಾಯ ತಾಲ್ಲೂಕು 11. ಕಾಳಗಿ, ಕಮಲಾಪುರ, ಶಹಾಬಾದ್, ಯಡ್ರಾಮಿ ಹೊಸವು. ಶಿಕ್ಷಣ ಇಲಾಖೆಯ ಫೈಲ್‌ಗಳು ಮಾತ್ರ ಕಲಬುರಗಿ ಉತ್ತರ, ದಕ್ಷಿಣ ಸೇರಿ 8 ವಲಯಗಳ ಲೆಕ್ಕದಲ್ಲೇ ಬರುವುದು ಜಾಸ್ತಿ. ಬೀದರಿನ ಕಮಲನಗರ, ಚಿಟಗುಪ್ಪ, ಹುಲಸೂರು, ಯಾದಗಿರಿಯ ಗುರುಮಠಕಲ್, ವಡಗೇರಾ, ಹುಣಸಗಿಗೂ ಇದೇ ಕತೆ. ಯಾವ ಊರು ಯಾವ ವಲಯದ್ದು ಅಂತ ಒಂದು ಪಟ್ಟಿ ಮೊದಲೇ ಮಾಡಿಟ್ಟುಕೊಳ್ಳಿ.

ಹುಟ್ಟಿದ ದಿನ. ವಯಸ್ಸಿನ ಕಾಲಂ ನೋಡಿದರೆ ಜೂನ್ 1ರಂದು ಹುಟ್ಟಿದ ಮಕ್ಕಳ ಸಂಖ್ಯೆ ಕಂಡು ಬೆರಗಾಗುತ್ತೀರಿ. ತಾರೀಖು ಗೊತ್ತಿಲ್ಲ ಅಂದಾಗ ಹೆಡ್ ಮಾಸ್ತರರು ಶಾಲೆ ಶುರುವಾಗುವ ದಿನ ಬರೆದುಬಿಡುವುದು ಹಳೆಯ ರೂಢಿ. ಹಾಗಾಗಿ ತಿಂಗಳು, ದಿನದ ಮಟ್ಟದ ವಯಸ್ಸಿನ ಲೆಕ್ಕವನ್ನು ಜಾಸ್ತಿ ಎಳೆಯಬೇಡಿ.

ಇನ್ನು ಎಕ್ಸೆಲ್‌ನ ಖಾಲಿ ಸೆಲ್ ಮತ್ತು ಸೊನ್ನೆ. ಶೌಚಾಲಯದ ಕಾಲಂ ಖಾಲಿ ಇದ್ದರೆ "ಇಲ್ಲ" ಅಂತಲ್ಲ, "ತುಂಬಿಲ್ಲ" ಅಂತ. ಖಾಲಿಯನ್ನು ಸೊನ್ನೆ ಮಾಡಿದರೆ ಇರುವ ಶೌಚಾಲಯವನ್ನು ನೀವೇ ಕೆಡವಿದಂತೆ.

4. ಲೆಕ್ಕ ಹಾಕಿ, ಆದರೆ ಭಾಗಾಕಾರದ ಕೆಳಗಿನ ಸಂಖ್ಯೆ ನೋಡಿಕೊಂಡು

ಜಿಇಆರ್ ಅನ್ನುವ ಪದ ದಿನಾ ಕೇಳುತ್ತೀರಿ. ಒಟ್ಟು ದಾಖಲಾತಿ ಪ್ರಮಾಣ ಅಂತ. 1ರಿಂದ 5ನೇ ತರಗತಿಯಲ್ಲಿ ಇರುವ ಎಲ್ಲ ಮಕ್ಕಳನ್ನು 6ರಿಂದ 10 ವಯಸ್ಸಿನ ಮಕ್ಕಳ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸುವುದು. ಆ ವಯಸ್ಸಿನ ಮಕ್ಕಳು 10,000, ದಾಖಲಾದವರು 10,400 ಇದ್ದರೆ 104 ಬರುತ್ತದೆ. ನೂರು ದಾಟಿತು ಅಂತ ಗಾಬರಿ ಬೇಡ. ಹನ್ನೊಂದು ವರ್ಷದ ಮಗು ಐದನೇ ತರಗತಿಯಲ್ಲಿ ಇರಬಹುದು, ಒಂದೇ ಮಗುವಿನ ಹೆಸರು ಎರಡು ಶಾಲೆಯಲ್ಲಿ ಇರಬಹುದು. ದೊಡ್ಡ ತೊಂದರೆ ಕೆಳಗಿನ ಸಂಖ್ಯೆಯದ್ದು. ಕೊನೆಯ ಜನಗಣತಿ ಆದದ್ದು 2011ರಲ್ಲಿ. ಆಮೇಲಿನ ವರ್ಷಗಳಿಗೆ ಬಳಸುವ ಮಕ್ಕಳ ಸಂಖ್ಯೆಯೆಲ್ಲ ಅಂದಾಜು. ಅರ್ಧ ಊರೇ ಮುಂಬೈ, ಪುಣೆ, ಬೆಂಗಳೂರಿಗೆ ದುಡಿಯಲು ಹೋಗುವ ನಮ್ಮ ಜಿಲ್ಲೆಗಳಲ್ಲಿ ಆ ಅಂದಾಜು ಎಷ್ಟು ಸರಿ ಅಂತ ನೀವೇ ಯೋಚಿಸಿ.

2011ರ ಸಾಕ್ಷರತೆಯ ಸಂಖ್ಯೆಗಳೂ ಹೀಗೇ. ಯಾದಗಿರಿ 51.83, ಕಲಬುರಗಿ 64.85, ಬೀದರ್ 70.51, ರಾಜ್ಯ 75.36. ಇದು ಒಟ್ಟು ಜನಸಂಖ್ಯೆಯ ಶೇಕಡಾವಾರು ಅಲ್ಲ, 7 ವರ್ಷ ಮೇಲ್ಪಟ್ಟವರದ್ದು. ವರ್ಷ ಬರೆಯದೆ ಈ ಸಂಖ್ಯೆ ಹಾಕಿದ ವರದಿಗಳನ್ನು ಈಗಲೂ ನೋಡುತ್ತೇನೆ. ಅಂದು ಏಳು ವರ್ಷವಾಗಿದ್ದ ಮಗು ಈಗ ಓಟು ಹಾಕುತ್ತಿದೆ.

ಈಗ ನಮ್ಮ ಕಡೆಗೆ ತುಂಬ ಮುಖ್ಯವಾದದ್ದು, ಸ್ವಲ್ಪ ನಿಧಾನ ಓದಿ. ರಾಷ್ಟ್ರಮಟ್ಟದಲ್ಲಿ ಬಹುಕಾಲ ಬಳಸಿದ ಲೆಕ್ಕದಲ್ಲಿ ಪ್ರಾಥಮಿಕ ಅಂದರೆ 1ರಿಂದ 5, ಹಿರಿಯ ಪ್ರಾಥಮಿಕ 6ರಿಂದ 8, ಪ್ರೌಢ 9 ಮತ್ತು 10. ನಮ್ಮ ಹಳ್ಳಿಗಳಲ್ಲಿ ಹಿರಿಯ ಪ್ರಾಥಮಿಕ ಶಾಲೆ ಬಹಳ ಕಡೆ 7ಕ್ಕೆ ಮುಗಿಯುತ್ತದೆ, ಹೈಸ್ಕೂಲು 8ರಿಂದ ಶುರು. ಮಗು ಊರು ದಾಟಬೇಕಾದದ್ದು ಏಳರಿಂದ ಎಂಟಕ್ಕೆ. ರಾಷ್ಟ್ರೀಯ ವರದಿ ತೋರಿಸುವ ಮುಂದುವರಿಕೆ ಪ್ರಮಾಣ, ಅಂದರೆ ಒಂದು ಹಂತದಿಂದ ಮುಂದಿನ ಹಂತಕ್ಕೆ ಹೋದವರ ಪಾಲು, ಐದರಿಂದ ಆರಕ್ಕೆ ಮತ್ತು ಎಂಟರಿಂದ ಒಂಬತ್ತಕ್ಕೆ. ಸೋರುವ ಜಾಗ ಒಂದು, ಮೀಟರ್ ಇಟ್ಟಿರುವ ಜಾಗ ಇನ್ನೊಂದು. ಆದ್ದರಿಂದ ತರಗತಿವಾರು ಸಂಖ್ಯೆ ತಗೊಂಡು ಏಳು–ಎಂಟರ ಲೆಕ್ಕವನ್ನು ನೀವೇ ಹಾಕಬೇಕು.

ಹೇಗೆ ಅಂತ ಒಂದು ಊಹೆಯ ಶಾಲೆ ಇಟ್ಟುಕೊಂಡು ತೋರಿಸುತ್ತೇನೆ. ಕಳೆದ ವರ್ಷ ಏಳನೇ ತರಗತಿಯಲ್ಲಿ 24 ಮಕ್ಕಳು, ಅದರಲ್ಲಿ 13 ಹುಡುಗಿಯರು. ಟಿ.ಸಿ. ತಗೊಂಡವರು 20. ನಾಲ್ಕು ಕಿಲೋಮೀಟರ್ ದೂರದ ಹೈಸ್ಕೂಲಿನಲ್ಲಿ ಈ ಊರಿನಿಂದ ಎಂಟಕ್ಕೆ ಸೇರಿದವರು 17. ಹಾಗಾದರೆ ಏಳು ಮಕ್ಕಳು ಶಾಲೆ ಬಿಟ್ಟರಾ? ತಡೆಯಿರಿ. ಟಿ.ಸಿ. ತಗೊಂಡ ಮೂವರು ಬೇರೆ ಊರಿನ ಹಾಸ್ಟೆಲ್ಲಿನಲ್ಲಿ ಇರಬಹುದು, ಸ್ಯಾಟ್ಸ್ ಸಂಖ್ಯೆ ಹಿಡಿದು ನೋಡಿ ಹೇಳಲು ಹೆಡ್ ಮಾಸ್ತರರನ್ನು ಕೇಳಿದರೆ ಗೊತ್ತಾಗುತ್ತದೆ. ಟಿ.ಸಿ.ಯನ್ನೇ ತಗೊಳ್ಳದ ನಾಲ್ವರನ್ನು ಮಾತ್ರ ಮನೆಗೆ ಹೋಗಿ ಕೇಳಬೇಕು. ಆ ನಾಲ್ವರಲ್ಲಿ ಹುಡುಗಿಯರು ಎಷ್ಟು, ಹೈಸ್ಕೂಲಿಗೆ ಬಸ್ ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದು ನಿಮ್ಮ ವರದಿಯ ಮುಖ್ಯ ಸಾಲು ಆಗಬಹುದು.

ಶಿಕ್ಷಕರ ಲೆಕ್ಕದಲ್ಲಿ ಸರಾಸರಿಗೆ ಮೋಸ ಹೋಗಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ಕ್ಕೆ 30 ಮಕ್ಕಳಿಗೆ ಒಬ್ಬ ಶಿಕ್ಷಕ, 6ರಿಂದ 8ಕ್ಕೆ 35ಕ್ಕೆ ಒಬ್ಬ. ಒಂದು ಶಾಲೆಯಲ್ಲಿ 70 ಮಕ್ಕಳಿಗೆ ಒಬ್ಬರು, ಪಕ್ಕದಲ್ಲಿ 14 ಮಕ್ಕಳಿಗೆ ಇಬ್ಬರು ಇದ್ದರೆ ಸರಾಸರಿ 28. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ! ಸರಾಸರಿ ಬಿಟ್ಟು, ಮಿತಿ ಮೀರಿದ ಶಾಲೆಗಳು ಎಷ್ಟು ಅಂತ ಎಣಿಸಿ. ಅತಿಥಿ ಶಿಕ್ಷಕರನ್ನು ಸೇರಿಸಿದ್ದಾರಾ ಇಲ್ಲವಾ ಅಂತಲೂ ಕೇಳಿ. ಕಾಯಂ ಹುದ್ದೆ ಖಾಲಿ ಇರುವ ನಮ್ಮ ಭಾಗದಲ್ಲಿ ಇದರಿಂದ ಉತ್ತರವೇ ತಿರುಗಿಬಿಡುತ್ತದೆ.

ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಅಳತೆಗೋಲು ಬದಲಾಗಿದೆಯಾ ನೋಡಿ. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರಲ್ಲಿ ರಾಜ್ಯದ ಫಲಿತಾಂಶ ಶೇ 73.40, ಕೊನೆಯ ಸ್ಥಾನದಲ್ಲಿದ್ದ ಯಾದಗಿರಿ ಶೇ 50.59. 2025ರ ಪರೀಕ್ಷೆ-1ರಲ್ಲಿ ರಾಜ್ಯ ಶೇ 66.14, ಕೊನೆಗೆ ಬಂದ ಕಲಬುರಗಿ ಶೇ 42.43. ಮಕ್ಕಳ ಕಲಿಕೆ ಒಂದೇ ವರ್ಷದಲ್ಲಿ ಕುಸಿಯಿತು ಅಂತ ಬರೆಯಲು ಕೈ ಓಡುತ್ತದೆ ಅಲ್ವಾ? 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದಿಂದ ನೇರ ನಿಗಾ ಬಂತು, ಫಲಿತಾಂಶ ಬಿತ್ತು, ಆ ವರ್ಷದ ಮಟ್ಟಿಗೆ ಕೃಪಾಂಕ ಹೆಚ್ಚಿಸಿದರು. 2025ರಲ್ಲಿ ಆ ಹೆಚ್ಚಿನ ಕೃಪಾಂಕ ಇರಲಿಲ್ಲ. ಜೊತೆಗೆ ಆ ಎರಡೂ ವರ್ಷ ಮೂರು ಮೂರು ಪರೀಕ್ಷೆ ನಡೆದವು. ಪರೀಕ್ಷೆ-1ರ ಸಂಖ್ಯೆಯಾ, ಮೂರೂ ಮುಗಿದ ಮೇಲಿನದ್ದಾ ಅಂತ ಬರೆಯದ ಕೋಷ್ಟಕ ಉಪಯೋಗಕ್ಕಿಲ್ಲ. ಯು-ಡೈಸ್ ಪ್ಲಸ್‌ನಲ್ಲೂ ಇಂಥದೇ ಒಂದು ಕಟ್ ಇದೆ. 2022-23ರಿಂದ ಶಾಲೆಯ ಒಟ್ಟು ಸಂಖ್ಯೆಯ ಬದಲು ಒಂದೊಂದು ಮಗುವಿನ ವಿವರ ತಗೊಳ್ಳುತ್ತಾರೆ. ಅದರ ಹಿಂದಿನ ವರ್ಷದ ಜೊತೆ ನೇರವಾಗಿ ಹೋಲಿಸಬೇಡಿ.

5. ಶಾಲೆಗೆ ಹೋಗಿ

ಮೊದಲು ಪತ್ರ. ಬಿಇಒ ಅವರ ಸಹಿ, ಸೀಲು ಇರುವ ಅನುಮತಿ ಪತ್ರದ ಐದಾರು ಜೆರಾಕ್ಸ್ ಬ್ಯಾಗಿನಲ್ಲಿ ಇರಲಿ. ಆಮೇಲೆ ಆ ಕ್ಲಸ್ಟರಿನ ಸಿಆರ್‌ಪಿಗೆ, ಅಂದರೆ ಹತ್ತಾರು ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಗೆ ಫೋನ್ ಮಾಡಿ. ನಮ್ಮ ಜಿಲ್ಲೆಗಳಲ್ಲಿ ಯಾವ ಶಾಲೆಗೆ ಯಾವ ಬಸ್, ಯಾವ ಹಳ್ಳ ತುಂಬಿದರೆ ದಾರಿ ಬಂದ್ ಅಂತ ಗೊತ್ತಿರುವುದು ಅವರಿಗೇ.

ದಿನ ನೋಡಿ ಹೋಗಿ. ಸಂತೆಯ ದಿನ, ಜಾತ್ರೆಯ ವಾರ ಹಾಜರಾತಿ ಅಳೆಯಬೇಡಿ. ಸಂಕ್ರಾಂತಿಗೆ ಮೈಲಾಪುರದ ಜಾತ್ರೆ ನಡೆಯುವಾಗ ಯಾದಗಿರಿಯ ಸುತ್ತ ಸಮೀಕ್ಷೆ ಇಟ್ಟುಕೊಂಡರೆ ಸಿಗುವುದು ಖಾಲಿ ಬೆಂಚು. ಶಹಾಪುರ, ಸುರಪುರದಲ್ಲಿ ಹತ್ತಿ ಬಿಡಿಸುವ ಕಾಲ, ಕಲಬುರಗಿಯಲ್ಲಿ ತೊಗರಿ ಕಟಾವಿನ ಕಾಲ, ದೀಪಾವಳಿ ಆದಮೇಲೆ ಕಬ್ಬು ಕಡಿಯಲು ಹೋಗುವ ತಾಂಡಾಗಳು. ಇವನ್ನು ತಪ್ಪಿಸಿಕೊಂಡು ಹೋದರೆ ಸಮಸ್ಯೆಯೇ ಕಾಣುವುದಿಲ್ಲ, ಆಗಲೇ ಹೋದರೆ ಸಮಸ್ಯೆ ಮಾತ್ರ ಕಾಣುತ್ತದೆ. ಸಾಧ್ಯವಾದರೆ ಎರಡು ಸಲ ಹೋಗಿ. ಆಗದಿದ್ದರೆ ಹೋದ ತಾರೀಖು ವರದಿಯಲ್ಲಿ ಬರೆಯಿರಿ.

ಶಾಲೆಯಲ್ಲಿ ಮೂರು ಸಂಖ್ಯೆ ಬರೆದುಕೊಳ್ಳಿ: ಹಾಜರಿ ಪುಸ್ತಕದಲ್ಲಿ ಇವತ್ತು ಎಷ್ಟು, ಬಿಸಿಯೂಟದ ಪುಸ್ತಕದಲ್ಲಿ ಎಷ್ಟು, ನೀವೇ ತರಗತಿ ತರಗತಿಗೆ ಹೋಗಿ ಎಣಿಸಿದಾಗ ಎಷ್ಟು. ಮೂರೂ ಬೇರೆ ಬಂದರೆ ಅಲ್ಲೇ ಮುಖ ಗಂಟು ಹಾಕಿಕೊಂಡು ಕಳ್ಳನನ್ನು ಹಿಡಿದವರಂತೆ ಮಾತಾಡಬೇಡಿ. ಬೆಳಗಿನ ಹಾಜರಿ ಆದಮೇಲೆ ತಮ್ಮನನ್ನು ನೋಡಿಕೊಳ್ಳಲು ಮನೆಗೆ ಹೋದ ಹುಡುಗಿ ಇರಬಹುದು, ಊಟದ ಹೊತ್ತಿಗೆ ಬಂದವರು ಇರಬಹುದು. "ಸರ, ಇದು ಹ್ಯಾಂಗ ಅಂತ ಸ್ವಲ್ಪ ತಿಳಿಸಿ ಹೇಳ್ರಿ" ಅಂತ ಕೇಳಿ. ಹೆಡ್ ಮಾಸ್ತರರು ಹೇಳುತ್ತಾರೆ. ನೀವು ತಪಾಸಣೆಯವರಲ್ಲ ಅನ್ನುವುದು ಮೊದಲ ಐದು ನಿಮಿಷದಲ್ಲಿ ಅವರಿಗೆ ಗೊತ್ತಾಗಬೇಕು.

ಮನೆಗೆ ಹೋದಾಗ ಪ್ರಶ್ನೆಯ ಮಾತು ನೋಡಿಕೊಳ್ಳಿ. ಇಂಗ್ಲಿಷ್ ನಮೂನೆಯಿಂದ ಅನುವಾದವಾದ "ನಿಮ್ಮ ಮಗ ಶಾಲೆ ಬಿಟ್ಟಿದ್ದಾನೆಯೇ?" ಅನ್ನುವ ಪ್ರಶ್ನೆಗೆ "ಹೌದ್ರಿ, ಸಾಲಿ ಬಿಟ್ಟದ, ಈಗ ಬರ್ತಾನ" ಅನ್ನುವ ಉತ್ತರ ಬರುತ್ತದೆ. ಅವರು ಹೇಳಿದ್ದು ಸಂಜೆಯ ಗಂಟೆ ಹೊಡೆದಿದೆ ಅಂತ. ನೀವು ಬರೆದುಕೊಂಡದ್ದು ಮಗು ಶಾಲೆ ತೊರೆದಿದೆ ಅಂತ. "ನಿನ್ನಿ ಸಾಲಿಗಿ ಹೋಗಿದ್ದನೇನ್ರಿ? ಹೋದ ವಾರ ಎಷ್ಟು ದಿನ ಹೋಗಿದ್ದ?" ಅಂತ ಕೇಳಿ. ಮೊದಲ ಹತ್ತು ಮನೆಯನ್ನು ಅಭ್ಯಾಸಕ್ಕೆ ಅಂತಲೇ ಇಟ್ಟು, ಆ ರಾತ್ರಿ ನಮೂನೆ ತಿದ್ದಿ.

ಎಚ್ಚರಿಕೆ: ಮಗುವಿನ ಜೊತೆ ಮಾತಾಡಲು ಮನೆಯವರ ಒಪ್ಪಿಗೆ ಬೇಕು. ಫೋಟೋ ಬೇಡ. ಹೆಸರು, ಜಾತಿ, ಆಧಾರ್ ಸಂಖ್ಯೆ ಇರುವ ಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕಲೇಬೇಡಿ, ಯಾರು ಕೇಳಿದರೂ. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯ್ದೆಯೇ ಬಂದಿದೆ.

6. ಎರಡು ಪುಟ ಬರೆಯಿರಿ

ಮೊದಲ ಪ್ಯಾರಾದಲ್ಲಿ ಉತ್ತರ. ಆಮೇಲೆ ಒಂದೇ ಒಂದು ಕೋಷ್ಟಕ. ಅದರ ಕೆಳಗೆ ಆ ಮೂರು ಪ್ರಶ್ನೆಯ ಉತ್ತರ ಸಣ್ಣಕ್ಷರದಲ್ಲಿ. ಅಷ್ಟು ಸಾಕು. ಹದಿನಾರು ಬಣ್ಣದ ಗ್ರಾಫ್ ಹಾಕಿದರೆ ಬಿಇಒ ಸಾಹೇಬರು ಓದುವುದಿಲ್ಲ, ನಿಮ್ಮ ಮ್ಯಾನೇಜರೂ ಓದುವುದಿಲ್ಲ. ದಶಾಂಶವನ್ನೂ ಜಾಸ್ತಿ ಹಾಕಬೇಡಿ. 24 ಮಕ್ಕಳ ತರಗತಿಗೆ "ಶೇ 70.83" ಅಂತ ಬರೆಯುವುದಕ್ಕಿಂತ "24ರಲ್ಲಿ 17" ಅಂತ ಬರೆದರೆ ಎಲ್ಲರಿಗೂ ತಿಳಿಯುತ್ತದೆ.

"ಕಾರಣ" ಅನ್ನುವ ಪದ ಬಳಸುವ ಮುಂಚೆ ಕೈ ತಡೆಯಿರಿ. ಶೌಚಾಲಯ ಇಲ್ಲದ ಶಾಲೆಗಳಲ್ಲಿ ಹುಡುಗಿಯರು ಕಡಿಮೆ ಇದ್ದರೆ, ಅವೇ ಶಾಲೆಗಳು ರಸ್ತೆಯಿಂದ ದೂರವೂ ಇರಬಹುದು, ಒಬ್ಬರೇ ಶಿಕ್ಷಕರು ಇರುವ ಶಾಲೆಗಳೂ ಆಗಿರಬಹುದು. "ಎರಡೂ ಒಟ್ಟಿಗೆ ಕಾಣುತ್ತವೆ" ಅಂತ ಬರೆಯಿರಿ.

ಕಳಿಸುವ ಮುಂಚೆ ಕೋಷ್ಟಕದಲ್ಲಿ ಎಲ್ಲಕ್ಕಿಂತ ವಿಚಿತ್ರವಾಗಿ ಕಾಣುವ ಎರಡು ಮೂರು ಶಾಲೆ ಆರಿಸಿ, ಹೆಡ್ ಮಾಸ್ತರರಿಗೆ ಫೋನ್ ಮಾಡಿ ಸಂಖ್ಯೆ ಓದಿ ಹೇಳಿ. "ಅಯ್ಯ, ಅದು ಒಂದ ಕಂಪೌಂಡಿನ್ಯಾಗ ಎರಡು ಸಾಲಿ ಅದಾವ ನೋಡ್ರಿ, ಕನ್ನಡದ್ದೊಂದು ಉರ್ದುದ್ದೊಂದು. ನೀವು ಎರಡೂ ಕೂಡಿಸೀರಿ" ಅನ್ನುವ ಉತ್ತರ ಬಂದರೆ ಮೂರನೇ ಹಂತಕ್ಕೆ ವಾಪಸ್ ಹೋಗಿ, ಕೋಡ್ ನೋಡಿ, ತಿದ್ದಿ, ನೋಟ್‌ಪ್ಯಾಡಿನಲ್ಲಿ ತಾರೀಖು ಹಾಕಿ ಬರೆದಿಡಿ.